ಎಂಜಿನ್ ಬದಲಿಸುವ ಮುನ್ನ: ಆಟೋಮ್ಯಾಟಿಕ್ ಸೆಡಾನ್ ಕಾರು ಮತ್ತು ವ್ಯಾಪಾರಿಯ ಲೆಕ್ಕ

ಒಂದೇ ನೊಗಕ್ಕೆ ಎರಡು ಎತ್ತು ಹೂಡುವ ನಮ್ಮ ಭಾಗದ ರೈತನು ಎತ್ತುಗಳ ಎತ್ತರ, ನಡಿಗೆ ಮತ್ತು ವಯಸ್ಸನ್ನು ನೋಡಿಯೇ ಹೂಡುತ್ತಾನೆ. ಒಂದು ಎತ್ತು ಎಷ್ಟೇ ಬಲಶಾಲಿಯಾಗಿದ್ದರೂ ಜೊತೆಯ ಎತ್ತು ಅದಕ್ಕೆ ಹೊಂದದಿದ್ದರೆ ನೇಗಿಲು ನೆಟ್ಟಗೆ ಸಾಗುವುದಿಲ್ಲ. ಈ ಸರಳ ವಿವೇಕವು ಹೊಲದಿಂದ ಗ್ಯಾರೇಜಿಗೆ ಬರುವ ಹೊತ್ತಿಗೆ ಹೇಗೋ ಕಳೆದುಹೋಗುತ್ತದೆ. ಹಳೆಯ ಜಪಾನಿ ಸೆಡಾನ್ ಕಾರಿಗೆ ಹೆಚ್ಚು ಅಶ್ವಶಕ್ತಿಯ ಎಂಜಿನ್ ಕೂಡಿಸಬೇಕೆಂಬ ಹಂಬಲವುಳ್ಳವರು ಎಂಜಿನ್ನಿನ ಬಲವನ್ನು ಮಾತ್ರ ಲೆಕ್ಕಿಸುತ್ತಾರೆ. ಅದರ ಹಿಂದೆ ಕುಳಿತಿರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮತ್ತು ಕಪಾಟಿನಲ್ಲಿರುವ ಆರ್.ಸಿ. ಪುಸ್ತಕ, ಇವೆರಡನ್ನೂ ಮರೆಯುತ್ತಾರೆ.

ಈ ವಿಷಯವು ವಾಣಿಜ್ಯ ಪತ್ರಿಕೆಯ ಓದುಗರಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಯಾದಗಿರಿಯ ಅಡತ್ ವ್ಯಾಪಾರಿಗಳು, ಶಹಾಪುರದ ಹತ್ತಿ ಮತ್ತು ಅಕ್ಕಿ ಗಿರಣಿಗಳ ಮಾಲೀಕರು, ಸುರಪುರದ ಅಂಗಡಿಕಾರರು ಕಾರನ್ನು ವಿಲಾಸಕ್ಕಿಂತ ಹೆಚ್ಚಾಗಿ ವ್ಯವಹಾರದ ಸಾಧನವಾಗಿ ಬಳಸುತ್ತಾರೆ. ಹೈದರಾಬಾದು, ಬೆಂಗಳೂರು ಮುಂತಾದ ನಗರಗಳಲ್ಲಿ ಒಮ್ಮೆ ಬಳಸಿದ ಕಾರುಗಳು ಹೋಲಿಕೆಯಲ್ಲಿ ಅಗ್ಗವಾಗಿ ದೊರೆಯುವುದರಿಂದ ಅವುಗಳ ಖರೀದಿಯತ್ತ ಒಲವು ಇದ್ದೇ ಇದೆ. ಜೊತೆಗೆ ಬಳಸಿದ ಕಾರಿನ ವ್ಯಾಪಾರ, ಬಿಡಿಭಾಗಗಳ ಅಂಗಡಿ, ಗ್ಯಾರೇಜು ಹಾಗೂ ಲೇಥ್ ಕೆಲಸವನ್ನೇ ವೃತ್ತಿಯಾಗಿಸಿಕೊಂಡವರೂ ನಮ್ಮಲ್ಲಿದ್ದಾರೆ. ಇವರೆಲ್ಲರ ಬಂಡವಾಳವೂ ಈ ಪ್ರಶ್ನೆಯಲ್ಲಿ ಸಿಲುಕಿಕೊಂಡಿದೆ. ಆದುದರಿಂದ ತಾಂತ್ರಿಕ, ಕಾನೂನು ಮತ್ತು ಹಣಕಾಸು, ಈ ಮೂರೂ ದೃಷ್ಟಿಗಳಿಂದ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬಿಡದಿಯಿಂದ ಬಂದ ಕಾರು

ಚರ್ಚೆಗೆ ಒಂದು ನಿರ್ದಿಷ್ಟ ಉದಾಹರಣೆ ಬೇಕು. ನಮ್ಮ ರಾಜ್ಯದಲ್ಲಿಯೇ ತಯಾರಾದ ಟೊಯೋಟಾ ಕೊರೋಲಾ ಇದಕ್ಕೆ ಸೂಕ್ತ. ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 1997ರಲ್ಲಿ ಸ್ಥಾಪನೆಯಾಗಿ, ಬೆಂಗಳೂರು ಬಳಿಯ ಬಿಡದಿಯ ಕಾರ್ಖಾನೆಯಿಂದ ಮೊದಲು ಕ್ವಾಲಿಸ್ ವಾಹನವನ್ನೂ 2003ರಲ್ಲಿ ಕೊರೋಲಾ ಸೆಡಾನ್ ಅನ್ನೂ ಹೊರತಂದಿತು. 1.8 ಲೀಟರ್ ಪೆಟ್ರೋಲ್ ಎಂಜಿನ್, ಸುಮಾರು 125 ಅಶ್ವಶಕ್ತಿ, 5 ಗೇರುಗಳ ಮ್ಯಾನ್ಯುಯಲ್ ಅಥವಾ 4 ಗೇರುಗಳ ಆಟೋಮ್ಯಾಟಿಕ್, ಇವು ಅದರ ಮುಖ್ಯ ವಿವರಗಳು. 2008ರಲ್ಲಿ ಇದರ ಸ್ಥಾನಕ್ಕೆ ಕೊರೋಲಾ ಆಲ್ಟಿಸ್ ಬಂದಿತು. 2020ರಲ್ಲಿ ಭಾರತ್ ಸ್ಟೇಜ್ 6 ಮಾನದಂಡ ಜಾರಿಯಾದ ಸಂದರ್ಭದಲ್ಲಿ ಆ ಹೆಸರು ಭಾರತದ ಮಾರುಕಟ್ಟೆಯಿಂದ ನಿರ್ಗಮಿಸಿತು.

ಇದಕ್ಕೂ ಮುನ್ನ, 1998ರಲ್ಲಿ ಹೋಂಡಾ ಸಿಟಿ ಮತ್ತು ಮಿತ್ಸುಬಿಷಿ ಲ್ಯಾನ್ಸರ್ ಕಾರುಗಳು ನಮ್ಮ ದೇಶಕ್ಕೆ ಪರಿಚಯವಾಗಿದ್ದವು. ಮಾರುತಿಯ ಎಸ್ಟೀಮ್ ಮತ್ತು ಹಳೆಯ ಬಲೆನೊ ಕೂಡ ಸುಜುಕಿ ಮೂಲದ ಸೆಡಾನ್‌ಗಳೇ. ಹಳೆಯ ಬಲೆನೊದ 1.6 ಲೀಟರ್ ಎಂಜಿನ್ನನ್ನು ಎಸ್ಟೀಮ್ ಅಥವಾ ಜಿಪ್ಸಿಗೆ ಕೂಡಿಸುವ ಪದ್ಧತಿ ನಮ್ಮ ದೇಶದ ರ್ಯಾಲಿ ವಲಯದಲ್ಲಿ ಪರಿಚಿತವಾಗಿತ್ತು. ಒಂದೇ ಕಂಪನಿಯ ಒಂದೇ ಕುಟುಂಬದ ಎಂಜಿನ್‌ಗಳಾದ್ದರಿಂದ ಕೆಲಸ ಸುಲಭವಾಗಿತ್ತು. ಆದರೆ ಆ ವಾಹನಗಳು ಮ್ಯಾನ್ಯುಯಲ್ ಗೇರಿನವು, ಮತ್ತು ಸ್ಪರ್ಧೆಯ ಉದ್ದೇಶದವು. ಆಟೋಮ್ಯಾಟಿಕ್ ಕಾರಿನ ಸಂಗತಿಯೇ ಬೇರೆ.

ಗಾತ್ರ ಒಂದೇ, ಗುಣ ಬೇರೆ

ಕೊರೋಲಾದಲ್ಲಿ ಇದ್ದುದು 1ಜೆಡ್‌ಜೆಡ್-ಎಫ್‌ಇ ಎಂಬ ಎಂಜಿನ್. ವಿದೇಶಗಳ ಉತ್ಸಾಹಿಗಳು ಇದರ ಜಾಗಕ್ಕೆ ಕೂಡಿಸಲು ಬಯಸುವುದು 2ಜೆಡ್‌ಜೆಡ್-ಜಿಇ ಎಂಬ ಎಂಜಿನ್ನನ್ನು. ಟೊಯೋಟಾ ಸಂಸ್ಥೆಯು ಯಮಾಹಾ ಸಂಸ್ಥೆಯ ಸಹಯೋಗದಲ್ಲಿ ರೂಪಿಸಿದ ಈ ಎಂಜಿನ್ ಸೆಲಿಕಾ ಎಂಬ ಕ್ರೀಡಾ ಕಾರಿನಲ್ಲಿಯೂ, ಇಂಗ್ಲೆಂಡಿನ ಲೋಟಸ್ ಎಲೀಸ್ ಕಾರಿನಲ್ಲಿಯೂ, ಅಮೆರಿಕದಲ್ಲಿ ಮಾರಾಟವಾದ ಕೊರೋಲಾದ ಒಂದು ಮಾದರಿಯಲ್ಲಿಯೂ ಬಳಕೆಯಾಗಿತ್ತು. ಭಾರತದಲ್ಲಿ ಕೊರೋಲಾದೊಡನೆ ಅದು ಎಂದೂ ಮಾರಾಟವಾಗಲಿಲ್ಲ.

ಎರಡೂ ಎಂಜಿನ್‌ಗಳ ಗಾತ್ರ ಸರಿಸುಮಾರು 1,795 ಸಿ.ಸಿ. ಆದರೆ ಮೊದಲನೆಯದರ ಬೋರ್ 79 ಮಿ.ಮೀ., ಸ್ಟ್ರೋಕ್ 91.5 ಮಿ.ಮೀ.; ಎರಡನೆಯದರ ಬೋರ್ 82 ಮಿ.ಮೀ., ಸ್ಟ್ರೋಕ್ 85 ಮಿ.ಮೀ. ಪಿಸ್ಟನ್ನಿನ ಓಡಾಟದ ದೂರ ಕಡಿಮೆಯಾದಷ್ಟೂ ಎಂಜಿನ್ ಹೆಚ್ಚು ವೇಗವಾಗಿ ತಿರುಗಬಲ್ಲದು. ಇದರೊಂದಿಗೆ ಎರಡನೆಯದರಲ್ಲಿ ಸುಮಾರು 6,200 ಸುತ್ತುಗಳ ನಂತರ ವಾಲ್ವುಗಳನ್ನು ಇನ್ನಷ್ಟು ಎತ್ತರಕ್ಕೆ ತೆರೆಯುವ ಪ್ರತ್ಯೇಕ ಕ್ಯಾಮ್ ವ್ಯವಸ್ಥೆಯಿದೆ. ಪರಿಣಾಮವಾಗಿ ಅದರ ಶಕ್ತಿ ಅಮೆರಿಕದ ಮಾದರಿಯಲ್ಲಿ 180 ಅಶ್ವಶಕ್ತಿಯ ಆಸುಪಾಸಿಗೆ ಏರಿತು.

ವ್ಯಾಪಾರಿಯು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಅಶ್ವಶಕ್ತಿ ಎಂಬುದು ತಿರುಗುಬಲ, ಅಂದರೆ ಟಾರ್ಕ್, ಮತ್ತು ಸುತ್ತುಗಳ ವೇಗ ಇವೆರಡರ ಗುಣಲಬ್ಧ. ಈ ಎರಡು ಎಂಜಿನ್‌ಗಳ ಗರಿಷ್ಠ ಟಾರ್ಕಿನಲ್ಲಿ ಹೇಳಿಕೊಳ್ಳುವಂತಹ ಅಂತರವಿಲ್ಲ. ಅಂತರವಿರುವುದು ಅದು ದೊರೆಯುವ ಜಾಗದಲ್ಲಿ. ಯಾದಗಿರಿಯಿಂದ ಶಹಾಪುರಕ್ಕೆ ಹತ್ತಿ ತುಂಬಿದ ಟ್ರ್ಯಾಕ್ಟರುಗಳ ನಡುವೆ, ಅಥವಾ ಶಹಾಪುರ, ಸುರಪುರಗಳ ಮಾರ್ಗವಾಗಿ ಲಿಂಗಸುಗೂರಿನ ಕಡೆಗೆ ಸಾಗುವ ರಸ್ತೆಯಲ್ಲಿ, ಆಟೋಮ್ಯಾಟಿಕ್ ಕಾರಿನ ಎಂಜಿನ್ ಬಹುಪಾಲು ಸಮಯ 2,000ದಿಂದ 3,000 ಸುತ್ತುಗಳಲ್ಲಿಯೇ ಇರುತ್ತದೆ. ಹಣ ಕೊಟ್ಟು ತಂದ ಹೆಚ್ಚುವರಿ ಬಲ 6,200 ಸುತ್ತುಗಳಾಚೆ ಇದೆ. ನಿತ್ಯದ ಓಡಾಟದಲ್ಲಿ ಎಂದೂ ತೆರೆಯದ ಗೋದಾಮಿಗೆ ಬಾಡಿಗೆ ಕಟ್ಟಿದಂತೆ ಇದು.

ಇಂಧನದ ಪ್ರಶ್ನೆಯೂ ಇದೆ. ಮೊದಲ ಎಂಜಿನ್ನಿನ ಸಂಪೀಡನ ಅನುಪಾತ 10:1, ಎರಡನೆಯದು 11.5:1. ಅನುಪಾತ ಹೆಚ್ಚಿದಂತೆ ಅಧಿಕ ಆಕ್ಟೇನ್ ಪೆಟ್ರೋಲ್ ಬೇಕಾಗುತ್ತದೆ. ಇಲ್ಲದಿದ್ದಲ್ಲಿ ಎಂಜಿನ್ ಬಡಿಯತೊಡಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತಿರುತ್ತದೆ. ಎರಡು ದಶಕಗಳ ಹಿಂದಿನ ಎಂಜಿನ್ನಿನ ರಬ್ಬರ್ ಕೊಳವೆ, ಸೀಲುಗಳನ್ನು ಈ ಮಿಶ್ರಣಕ್ಕೆಂದು ರೂಪಿಸಿದ್ದಲ್ಲ ಎಂಬುದನ್ನು ಮರೆಯಲಾಗದು.

ಗೇರ್‌ಬಾಕ್ಸ್ ಒಪ್ಪುವುದೇ?

ಮ್ಯಾನ್ಯುಯಲ್ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಒಂದು ಕ್ಲಚ್ ಪ್ಲೇಟು ಇರುತ್ತದೆ. ಯಾವಾಗ ಗೇರು ಬದಲಿಸಬೇಕೆಂಬುದನ್ನು ಚಾಲಕನ ಕಿವಿ ಮತ್ತು ಕಾಲು ನಿರ್ಧರಿಸುತ್ತವೆ. ಹಳೆಯ ಮಾದರಿಯ ಆಟೋಮ್ಯಾಟಿಕ್ ಕಾರಿನಲ್ಲಿ ಆ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಎಂಬ, ಎಣ್ಣೆ ತುಂಬಿದ ದುಂಡನೆಯ ಡಬ್ಬಿ ಇರುತ್ತದೆ. ಎಂಜಿನ್ನಿಗೆ ಜೋಡಿಸಿದ ಒಂದು ಚಕ್ರ ಎಣ್ಣೆಯನ್ನು ಎಸೆಯುತ್ತದೆ; ಗೇರ್‌ಬಾಕ್ಸಿಗೆ ಜೋಡಿಸಿದ ಇನ್ನೊಂದು ಚಕ್ರ ಆ ಎಣ್ಣೆಯ ರಭಸಕ್ಕೆ ತಿರುಗುತ್ತದೆ. ಒಳಗಿನ ಪ್ಲಾನೆಟರಿ ಗೇರುಗಳನ್ನು ಹಿಡಿಯುವ ಮತ್ತು ಬಿಡುವ ಕೆಲಸವನ್ನು ಸಣ್ಣ ಕ್ಲಚ್ ಪ್ಲೇಟುಗಳ ಗುಚ್ಛಗಳು ಮಾಡುತ್ತವೆ. ಅವುಗಳಿಗೆ ಎಣ್ಣೆಯ ಒತ್ತಡವನ್ನು ಹಂಚುವುದು ವಾಲ್ವ್ ಬಾಡಿ. ಆ ವಾಲ್ವ್ ಬಾಡಿಗೆ ಆದೇಶ ನೀಡುವುದು ಕಂಪ್ಯೂಟರ್.

ಈ ಸರಪಳಿಯ ಪ್ರತಿಯೊಂದು ಕೊಂಡಿಯನ್ನೂ ಮೂಲ ಎಂಜಿನ್ನಿನ ಸ್ವಭಾವಕ್ಕೆ ತಕ್ಕಂತೆ ನಿಗದಿ ಮಾಡಿರುತ್ತಾರೆ. ಎಷ್ಟು ಸುತ್ತುಗಳಿಗೆ ಮುಂದಿನ ಗೇರು, ಎಷ್ಟು ಒತ್ತಡದಲ್ಲಿ ಪ್ಲೇಟುಗಳನ್ನು ಹಿಡಿಯಬೇಕು, ಕನ್ವರ್ಟರ್ ಯಾವ ವೇಗದಲ್ಲಿ ಹಿಡಿತಕ್ಕೆ ಬರಬೇಕು, ಇವೆಲ್ಲವೂ ಪೂರ್ವನಿರ್ಧಾರಿತ. ಬಲವಾದ ಎಂಜಿನ್ ಕೂಡಿಸಿ ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಂಡರೆ ಎರಡರಲ್ಲಿ ಒಂದು ಸಂಭವಿಸುತ್ತದೆ. ಗೇರ್‌ಬಾಕ್ಸ್ ಹಳೆಯ ಲೆಕ್ಕದಂತೆ ಬೇಗನೆ ಗೇರು ಬದಲಿಸಿದರೆ ಹೊಸ ಎಂಜಿನ್ 6,200 ಸುತ್ತುಗಳನ್ನು ಮುಟ್ಟುವುದೇ ಇಲ್ಲ; ಆಗ ಖರ್ಚೆಲ್ಲ ವ್ಯರ್ಥ. ಬದಲಾಗಿ, ಸುತ್ತುಗಳು ಏರುವವರೆಗೆ ಗೇರನ್ನು ಹಿಡಿದಿಟ್ಟರೆ ಕ್ಲಚ್ ಗುಚ್ಛಗಳು ತಮ್ಮ ಅಳತೆ ಮೀರಿದ ಭಾರವನ್ನು ಹೊತ್ತು ಜಾರತೊಡಗುತ್ತವೆ. ಜಾರಿದರೆ ಶಾಖ, ಶಾಖದಿಂದ ಎಣ್ಣೆ ಸುಡುವುದು, ಸುಟ್ಟ ಎಣ್ಣೆಯಿಂದ ಮತ್ತಷ್ಟು ಜಾರುವಿಕೆ.

ಈ ಕಾರಣಕ್ಕಾಗಿಯೇ ಟೊಯೋಟಾ ಸಂಸ್ಥೆಯು ಸೆಲಿಕಾದಲ್ಲಿ ಈ ಎಂಜಿನ್ನಿಗೆ ಆಟೋಮ್ಯಾಟಿಕ್ ಕೊಡುವಾಗ ಬೇರೆಯೇ ಒಂದು ಗೇರ್‌ಬಾಕ್ಸನ್ನು ಕೊಟ್ಟಿತ್ತು. ಅಂದರೆ ಎಂಜಿನ್ ತರುವವನು ಅದರ ಗೇರ್‌ಬಾಕ್ಸ್, ಅದರ ಕಂಪ್ಯೂಟರ್, ಅದರ ವೈರಿಂಗ್ ಜಾಲ ಎಲ್ಲವನ್ನೂ ತರಬೇಕು. ಎಂಜಿನ್ ಮಾತ್ರ ಸಿಕ್ಕಿತೆಂದು ಕೊಂಡವನು ಅರ್ಧ ಯಂತ್ರವನ್ನು ಕೊಂಡಂತೆ.

ಮಿಸ್ತ್ರಿಯ ಪಟ್ಟಿ

ಅನುಭವಿ ಮಿಸ್ತ್ರಿಯು ಇಂತಹ ಕೆಲಸಕ್ಕೆ ಮೊದಲು ಪಟ್ಟಿ ಬರೆಯುತ್ತಾನೆ. ಎಂಜಿನ್ ಮೌಂಟುಗಳು, ಆಕ್ಸಲ್ ಶಾಫ್ಟುಗಳು, ಎಕ್ಸಾಸ್ಟ್ ಕೊಳವೆ, ರೇಡಿಯೇಟರ್ ಮತ್ತು ಗೇರ್ ಆಯಿಲ್ ತಂಪುಗೊಳಿಸುವ ಕೂಲರ್, ಎ.ಸಿ. ಕಂಪ್ರೆಸರ್ ಮತ್ತು ಪವರ್ ಸ್ಟಿಯರಿಂಗ್ ಪಂಪಿನ ಬ್ರಾಕೆಟ್ಟುಗಳು, ಇಂಧನ ಪಂಪು, ವೇಗ ಸೂಚಿಸುವ ಸೆನ್ಸರು, ಕೀಲಿಯ ಇಮೊಬಿಲೈಸರ್, ಇವಿಷ್ಟೂ ಆ ಪಟ್ಟಿಯಲ್ಲಿ ಬರುತ್ತವೆ. ಇಮೊಬಿಲೈಸರ್ ಹೊಂದದಿದ್ದರೆ ಎಲ್ಲವನ್ನೂ ಕೂಡಿಸಿದ ಬಳಿಕವೂ ಕಾರು ಸ್ಟಾರ್ಟ್ ಆಗದು. ಎಂಜಿನ್ ಬಲ ಹೆಚ್ಚಿದ ಮೇಲೆ ಬ್ರೇಕು ಮತ್ತು ಟೈರುಗಳನ್ನು ಹಾಗೆಯೇ ಬಿಡುವುದು ಅಪಾಯಕ್ಕೆ ಆಹ್ವಾನ.

ಲೇಥ್ ಮತ್ತು ಬೋರಿಂಗ್ ಕೆಲಸ ನಡೆಸುವ ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು ಅಳತೆಯ ನಿಖರತೆ. ಹೊಂದದ ಎಂಜಿನ್ ಹಾಗೂ ಗೇರ್‌ಬಾಕ್ಸ್ ನಡುವೆ ಅಡಾಪ್ಟರ್ ಪ್ಲೇಟು ಮಾಡಿಕೊಡುವ ಬೇಡಿಕೆ ಬರುವುದುಂಟು. ಜಿನ್ನಿಂಗ್ ಯಂತ್ರದ ಶಾಫ್ಟು ಅಥವಾ ಗಿರಣಿಯ ಪುಲ್ಲಿ ಮಾಡಿ ಪಳಗಿದ ಕೈಗೆ ಇದು ಸುಲಭವೆಂದು ತೋರಬಹುದು. ಆದರೆ ಎಂಜಿನ್ನಿನ ಮತ್ತು ಗೇರ್‌ಬಾಕ್ಸಿನ ಕೇಂದ್ರರೇಖೆಗಳು ಒಂದು ಮಿ.ಮೀ.ನ ಹತ್ತನೆಯ ಒಂದು ಭಾಗದಷ್ಟು ಸರಿದರೂ ಗೇರ್‌ಬಾಕ್ಸಿನ ಮುಂಭಾಗದ ಎಣ್ಣೆಪಂಪು ಮತ್ತು ಸೀಲು ಬಾಳಿಕೆ ಬಾರವು. ಅಂತಹ ದೋಷ ಮೊದಲ ದಿನ ಕಾಣಿಸದೆ ಕೆಲವು ಸಾವಿರ ಕಿಲೋಮೀಟರಿನ ನಂತರ ಕಾಣಿಸಿಕೊಳ್ಳುತ್ತದೆ. ಆಗ ದೂರು ಬರುವುದು ಪ್ಲೇಟು ಮಾಡಿಕೊಟ್ಟವನ ಬಾಗಿಲಿಗೆ.

ಎರಡನೆಯದು ದುರಸ್ತಿಯ ಸಾಧ್ಯತೆ. 1ಜೆಡ್‌ಜೆಡ್ ಎಂಜಿನ್ನಿನ ಅಲ್ಯೂಮಿನಿಯಂ ಬ್ಲಾಕಿನೊಳಗೆ ಬೀಡುಕಬ್ಬಿಣದ ಲೈನರುಗಳಿವೆ. 2ಜೆಡ್‌ಜೆಡ್‌ನಲ್ಲಿ ಹಾಗಿಲ್ಲ, ಸಿಲಿಂಡರಿನ ಗೋಡೆಯು ನಾರಿನಿಂದ ಬಲಪಡಿಸಿದ ಲೋಹಮಿಶ್ರಣದ್ದು. ಅದನ್ನು ಸಾಮಾನ್ಯ ಬೋರಿಂಗ್ ಯಂತ್ರಕ್ಕೆ ಹಾಕಿ ಓವರ್‌ಸೈಜ್ ಪಿಸ್ಟನ್ ಕೂಡಿಸುವ ನಮ್ಮ ರೂಢಿಯ ವಿಧಾನ ಅಲ್ಲಿ ನಡೆಯುವುದಿಲ್ಲ. ಒಮ್ಮೆ ಗೀರು ಬಿದ್ದರೆ ಬ್ಲಾಕು ಬಹುಮಟ್ಟಿಗೆ ಗುಜರಿಗೆ ಸೇರಿದಂತೆಯೇ. ಬಿಡಿಭಾಗ ದೂರದೇಶದಿಂದ ಬರಬೇಕಾದ ಯಂತ್ರವನ್ನು ಜಿಲ್ಲಾ ಕೇಂದ್ರದಲ್ಲಿಟ್ಟುಕೊಂಡು ವ್ಯವಹಾರಕ್ಕೆ ನೆಚ್ಚುವುದು ಜಾಣತನವಲ್ಲ.

ಇನ್ನು, ಎಂಜಿನ್ ಬದಲಿಸುವ ಆಲೋಚನೆ ಹಲವರಿಗೆ ಹುಟ್ಟುವುದು ಹಳೆಯ ಎಂಜಿನ್ ಆಯಿಲ್ ಕುಡಿಯತೊಡಗಿದಾಗ. 1ಜೆಡ್‌ಜೆಡ್‌ನ ಆರಂಭಿಕ ವರ್ಷಗಳ ಪಿಸ್ಟನ್‌ಗಳಲ್ಲಿ ಎಣ್ಣೆ ಹಿಂದಿರುಗುವ ರಂಧ್ರಗಳು ಕಿರಿದಾಗಿದ್ದು, ಮಸಿ ಕಟ್ಟಿ ಮುಚ್ಚಿಕೊಳ್ಳುವುದು ಪ್ರಸಿದ್ಧ ದೋಷ. ನಂತರದ ವರ್ಷಗಳಲ್ಲಿ ತಯಾರಕರು ಪಿಸ್ಟನ್ನಿನ ವಿನ್ಯಾಸ ತಿದ್ದಿದರು. ಆದ್ದರಿಂದ ತಿದ್ದಿದ ಮಾದರಿಯ ಪಿಸ್ಟನ್ ಮತ್ತು ರಿಂಗ್ ಹಾಕಿ ಎಂಜಿನ್ನನ್ನು ಓವರ್‌ಹಾಲ್ ಮಾಡಿಸುವುದೇ ಆ ರೋಗಕ್ಕೆ ತಕ್ಕ ಮದ್ದು. ಅದಕ್ಕೆ ಎಂಜಿನ್ ಸಂಖ್ಯೆ ಬದಲಾಗುವುದಿಲ್ಲ, ಆರ್.ಸಿ. ಮುಟ್ಟಬೇಕಿಲ್ಲ.

ಆರ್.ಸಿ. ಪುಸ್ತಕದ ಮಾತು

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಈ ವಿಷಯದಲ್ಲಿ ನಿರ್ಣಾಯಕ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ ಎಂಬುದು ಅದರ ಸಾರ. ಸಿ.ಎನ್.ಜಿ., ಎಲ್.ಪಿ.ಜಿ., ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಅನುಮೋದಿತ ಕಿಟ್ ಮೂಲಕ ಪರಿವರ್ತಿಸಲು ಷರತ್ತುಬದ್ಧ ಅವಕಾಶವಿದೆ. ಕನಿಷ್ಠ 10 ಸಾರಿಗೆ ವಾಹನಗಳುಳ್ಳ ಮಾಲೀಕರಿಗೆ, ಅದೇ ತಯಾರಿಕೆಯ ಮತ್ತು ಅದೇ ಮಾದರಿಯ ಎಂಜಿನ್ ಬದಲಿಸಿಕೊಳ್ಳಲು ಪೂರ್ವಾನುಮತಿಯಿಂದ ವಿನಾಯಿತಿ ನೀಡುವ ಅಧಿಕಾರವನ್ನು ಕಾಯಿದೆಯು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಲಾರಿ ಮಾಲೀಕರು ಇದನ್ನು ಗಮನಿಸಬಹುದು. ಆಗಲೂ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ಆರ್.ಸಿ.ಯಲ್ಲಿ ನಮೂದಿಸಿಕೊಳ್ಳಬೇಕು. ‘ಅದೇ ತಯಾರಿಕೆ, ಅದೇ ಮಾದರಿ’ ಎಂಬ ಮಾತೇ ಇಲ್ಲಿನ ಕೀಲಿಕೈ. ಕೆಟ್ಟ ಎಂಜಿನ್ನಿನ ಬದಲು ಅಂಥದ್ದೇ ಎಂಜಿನ್ ಹಾಕುವುದು ಒಂದು. ಹೆಚ್ಚು ಶಕ್ತಿಯ ಬೇರೆ ಎಂಜಿನ್ ಹಾಕುವುದು ಮತ್ತೊಂದು.

2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ ಈ ಕಲಮನ್ನು ಅರ್ಥೈಸಿತು. ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರ ಪೀಠವು, ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ತೀರ್ಪಿತ್ತು, ಕೇರಳ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದ ಆದೇಶವನ್ನು ರದ್ದುಪಡಿಸಿತು. ಅದೇ ವರ್ಷದ ತಿದ್ದುಪಡಿಯು ಕಾಯಿದೆಗೆ 182ಎ ಕಲಮನ್ನು ಸೇರಿಸಿತು. ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ ₹5,000 ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ಅದು ವಿಧಿಸಿತು. ತಯಾರಕರು, ಆಮದುದಾರರು ಮತ್ತು ವಾಹನ ವ್ಯಾಪಾರಿಗಳು ನಿಯಮಬಾಹಿರ ವಾಹನವನ್ನು ಮಾರಿದರೆ ಅಥವಾ ಮಾರ್ಪಡಿಸಿದರೆ ಒಂದೊಂದು ವಾಹನಕ್ಕೆ ₹1 ಲಕ್ಷದ ದಂಡವನ್ನೂ ನಿಗದಿಪಡಿಸಿತು.

ಇದು ನಮ್ಮ ಭಾಗದ ವ್ಯಾಪಾರಿಗೆ ಹೇಗೆ ತಾಗುತ್ತದೆ? ಬೇರೆ ರಾಜ್ಯದಲ್ಲಿ ನೋಂದಣಿಯಾದ ಕಾರನ್ನು ತಂದವರು ಅಲ್ಲಿನ ಆರ್.ಟಿ.ಓ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಹಾಕಬೇಕು. ಕರ್ನಾಟಕದ ಆಜೀವ ತೆರಿಗೆಯನ್ನೂ ಭರಿಸಬೇಕು. ಕೆ.ಎ. 33 ಸಂಖ್ಯೆ ಪಡೆಯಲು ವಾಹನವನ್ನು ತಪಾಸಣೆಗೆ ಒಪ್ಪಿಸಿದ ದಿನ ಬ್ಲಾಕಿನ ಮೇಲಿನ ಎಂಜಿನ್ ಸಂಖ್ಯೆ ದಾಖಲೆಯೊಡನೆ ತಾಳೆಯಾಗದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಎಂಜಿನ್ ಬದಲಿಸಿದವನು ಹಿಂದಿನ ಮಾಲೀಕನೇ ಇರಬಹುದು. ಆದರೆ ಕಾರು ಈಗ ಇರುವುದು ಕೊಂಡವನ ಅಂಗಳದಲ್ಲಿ. ಆ ಎಂಜಿನ್ ಕಳವಿನ ವಾಹನದ್ದಾಗಿದ್ದರಂತೂ ವಿಷಯ ಪೊಲೀಸ್ ಠಾಣೆಯನ್ನು ಮುಟ್ಟುತ್ತದೆ.

ವಯಸ್ಸಿನ ಲೆಕ್ಕವೂ ಇದೆ. ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ. ಆ ಬಳಿಕ ಐದೈದು ವರ್ಷಗಳಿಗೊಮ್ಮೆ ನವೀಕರಣ. ನವೀಕರಣದ ಶುಲ್ಕವು 2022ರ ಏಪ್ರಿಲ್ 1ರಿಂದ ₹5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ₹10,000 ನಿಗದಿಯಾಯಿತು. ಪ್ರತಿ ನವೀಕರಣದಲ್ಲಿಯೂ ವಾಹನ ತಪಾಸಣೆಗೆ ಒಳಪಡುತ್ತದೆ. 2003ರ ಕೊರೋಲಾ ಈಗಾಗಲೇ ಈ ಎರಡನೆಯ ಗುಂಪಿಗೆ ಸೇರಿದೆ.

ವಿಮೆ, ಸಾಲ ಮತ್ತು ತೆರಿಗೆ

ವಿಮೆಯು ಸತ್ಯವಾದ ವಿವರದ ಮೇಲೆ ನಿಂತ ಒಪ್ಪಂದ. ವಾಹನದ ಎಂಜಿನ್ ಬದಲಾದ ಸಂಗತಿಯನ್ನು ಮುಚ್ಚಿಟ್ಟರೆ, ಅಪಘಾತದ ನಂತರ ಸ್ವಂತ ವಾಹನದ ಹಾನಿಯ ಕ್ಲೇಮು ತಿರಸ್ಕೃತವಾಗುವ ಅಪಾಯವಿದೆ. ಮೂರನೆಯ ವ್ಯಕ್ತಿಗೆ ಪರಿಹಾರ ಕೊಡಬೇಕಾದ ಸಂದರ್ಭದಲ್ಲಿ ವಿಮಾ ಕಂಪನಿಯು ಹಣ ಕೊಟ್ಟು ಮಾಲೀಕನಿಂದ ವಸೂಲಿಗೆ ಮುಂದಾಗಬಹುದು. ಅಂತಹ ಒಂದು ವಸೂಲಿಯು ಸಣ್ಣ ಅಡತ್ ಅಂಗಡಿಯ ಇಡೀ ಬಂಡವಾಳವನ್ನು ಅಲ್ಲಾಡಿಸಬಲ್ಲದು. ಕಂತಿನ ಕರಾರಿನ ಮೇಲಿರುವ ಕಾರನ್ನು ನೋಂದಾಯಿತ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಮಾರ್ಪಡಿಸುವಂತಿಲ್ಲ ಎಂಬುದೂ ಅದೇ 52ನೆಯ ಕಲಮಿನ ಮಾತು.

ಈಗ ಬಳಸಿದ ಕಾರು ಮಾರುವವರ ಲೆಕ್ಕಕ್ಕೆ ಬರೋಣ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿಯ ಶಿಫಾರಸಿನಂತೆ, ನೋಂದಾಯಿತ ವ್ಯಾಪಾರಿ ಮಾರುವ ಎಲ್ಲ ಬಗೆಯ ಹಳೆಯ ಕಾರುಗಳ ಮಾರ್ಜಿನ್ ಮೇಲಿನ ತೆರಿಗೆ ದರವು ಶೇ. 18 ಆಯಿತು. ಮಾರ್ಜಿನ್ ಎಂದರೆ ಮಾರಾಟ ಬೆಲೆ ಮತ್ತು ಖರೀದಿ ಬೆಲೆಗಳ ನಡುವಣ ಅಂತರ. ಉದಾಹರಣೆಗೆ, ₹3,00,000ಕ್ಕೆ ಕಾರು ಕೊಂಡು ಹಾಗೆಯೇ ₹3,40,000ಕ್ಕೆ ಮಾರಿದರೆ ಮಾರ್ಜಿನ್ ₹40,000, ತೆರಿಗೆ ₹7,200. ಅದೇ ಕಾರಿಗೆ ₹1,50,000 ಸುರಿದು ಬೇರೆ ಎಂಜಿನ್ ಕೂಡಿಸಿ ₹4,70,000ಕ್ಕೆ ಮಾರಿದನೆಂದು ಇಟ್ಟುಕೊಳ್ಳೋಣ. ವ್ಯಾಪಾರಿಯ ಮನಸ್ಸಿನಲ್ಲಿರುವ ಲಾಭ ₹20,000. ಆದರೆ ಖರೀದಿ ಮತ್ತು ಮಾರಾಟದ ಅಂತರ ₹1,70,000. ಅದರ ಮೇಲಿನ ತೆರಿಗೆ ₹30,600. ಗ್ರಾಹಕನು ತೆರಿಗೆಯನ್ನು ಬೇರೆಯಾಗಿ ಕೊಡಲು ಒಪ್ಪದಿದ್ದರೆ ₹10,600 ಕೈಯಿಂದ ಹೋಗುತ್ತದೆ. ಇಷ್ಟಲ್ಲದೆ, ಅಲ್ಪಸ್ವಲ್ಪ ಸಂಸ್ಕರಣೆಗೆ ಮಾತ್ರ ಒಳಗಾದ ಹಳೆಯ ಸರಕಿಗೆ ಸಲ್ಲುವ ಈ ಮಾರ್ಜಿನ್ ಸೌಲಭ್ಯವು ಎಂಜಿನ್ನನ್ನೇ ಬದಲಿಸಿದ ಕಾರಿಗೆ ಸಲ್ಲುವುದೇ ಎಂಬ ತಕರಾರು ಏಳಬಹುದು. ತಮ್ಮ ಲೆಕ್ಕ ಪರಿಶೋಧಕರೊಡನೆ ಮೊದಲೇ ಸಮಾಲೋಚಿಸುವುದು ಒಳಿತು.

ಬಳಸಿದ ವಾಹನಗಳ ವ್ಯಾಪಾರಕ್ಕೆ ಮತ್ತೊಂದು ಚೌಕಟ್ಟೂ ಇದೆ. 2022ರ ಡಿಸೆಂಬರಿನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ, ಇಂತಹ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆಯಬೇಕು. ಮಾರಾಟಕ್ಕೆಂದು ತಮ್ಮ ವಶಕ್ಕೆ ಬಂದ ವಾಹನಕ್ಕೆ ಅವರೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿಗೆ ಆ ಮೇಲೆ ಹೆಚ್ಚು ಬೆಲೆ ಉಳಿದಿಲ್ಲ.

ಹಾಗಾದರೆ ದಾರಿ ಯಾವುದು?

ಇಷ್ಟೆಲ್ಲ ಹೇಳಿದ್ದರ ಉದ್ದೇಶ ಕೌಶಲವುಳ್ಳ ಕೈಗಳನ್ನು ನಿರುತ್ಸಾಹಗೊಳಿಸುವುದಲ್ಲ. ಎಂಜಿನ್ ಬದಲಾವಣೆಗೆ ಬೇಕಾದ ಜ್ಞಾನವನ್ನೇ ಕಾನೂನುಬದ್ಧವೂ ಲಾಭದಾಯಕವೂ ಆದ ಕೆಲಸಗಳಿಗೆ ತಿರುಗಿಸಲು ಸಾಧ್ಯವಿದೆ.

ಮೊದಲನೆಯದಾಗಿ, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಸೇವೆ. ಇಂದು ಸಣ್ಣ ಕಾರುಗಳಲ್ಲಿಯೂ ಎ.ಎಂ.ಟಿ., ಸಿ.ವಿ.ಟಿ., ಟಾರ್ಕ್ ಕನ್ವರ್ಟರ್ ಎಂಬ ಬಗೆಬಗೆಯ ಗೇರ್‌ಬಾಕ್ಸುಗಳು ಬಂದಿವೆ. ಪ್ರತಿಯೊಂದಕ್ಕೂ ಬೇರೆ ಎಣ್ಣೆ, ಬೇರೆ ವಿಧಾನ. ತಯಾರಕರು ಸೂಚಿಸಿದ ಎಣ್ಣೆಯನ್ನೇ ಬಳಸಿ, ಫಿಲ್ಟರು ಬದಲಿಸಿ, ಸ್ಕ್ಯಾನರಿನಿಂದ ದೋಷ ಸಂಕೇತಗಳನ್ನು ಓದಬಲ್ಲ ಗ್ಯಾರೇಜು ತನ್ನ ಊರಿನಲ್ಲಿಯೇ ಇದ್ದರೆ ಗ್ರಾಹಕನು ಕಲಬುರಗಿ ಅಥವಾ ಹೈದರಾಬಾದಿಗೆ ಹೋಗುವ ಅವಶ್ಯಕತೆ ಬೀಳದು.

ಎರಡನೆಯದಾಗಿ, ಅದೇ ಮಾದರಿಯ ಎಂಜಿನ್ನಿನ ಓವರ್‌ಹಾಲ್ ಮತ್ತು ಬದಲಾವಣೆ. ಬದಲಿಸಬೇಕಾದಲ್ಲಿ ಮೊದಲು ಆರ್.ಟಿ.ಓ. ಕಚೇರಿಯ ಅನುಮತಿ, ಬಳಿಕ ಎಂಜಿನ್ ಸಂಖ್ಯೆಯಿರುವ ಜಿ.ಎಸ್.ಟಿ. ಬಿಲ್ಲು, ಆಮೇಲೆ ಆರ್.ಸಿ. ನಮೂದು, ಕೊನೆಗೆ ವಿಮಾ ಕಂಪನಿಗೆ ಲಿಖಿತ ಸೂಚನೆ, ಈ ಕ್ರಮವನ್ನು ತಪ್ಪದೆ ಪಾಲಿಸಬೇಕು. ವಾಹನ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದರಿಂದ, ₹1,00,000 ಬೆಲೆಯ ಬಿಡಿಭಾಗಗಳ ಮೇಲೆ ₹10,000 ತೆರಿಗೆ ಕಡಿಮೆಯಾಗಿದೆ. ಬಿಲ್ಲಿಲ್ಲದೆ ಕೊಳ್ಳುವ ಪ್ರಲೋಭನೆಗೆ ಈಗ ಮೊದಲಿನಷ್ಟು ಕಾರಣವಿಲ್ಲ.

ಮೂರನೆಯದಾಗಿ, ಅನುಮೋದಿತ ಸಿ.ಎನ್.ಜಿ. ಅಥವಾ ವಿದ್ಯುತ್ ಪರಿವರ್ತನಾ ಕಿಟ್ಟುಗಳ ಜೋಡಣೆ. ಇದಕ್ಕೆ ಕಾನೂನಿನಲ್ಲಿಯೇ ಸ್ಥಾನವಿದೆ. ನಾಲ್ಕನೆಯದಾಗಿ, ಶಕ್ತಿಯುತ ಎಂಜಿನ್ನಿನ ಹಂಬಲ ತೀರದವರಿಗೆ ಸ್ಪರ್ಧಾ ಮೈದಾನವಿದೆ. ಮುಚ್ಚಿದ ರೇಸ್ ಟ್ರ್ಯಾಕಿನಲ್ಲಿ ಮಾತ್ರ ಓಡಿಸಿ, ಅಲ್ಲಿಗೆ ಟ್ರೇಲರಿನ ಮೇಲೆ ಸಾಗಿಸುವ ಕಾರಿನ ನಿಯಮಗಳು ಬೇರೆ. ಸಾರ್ವಜನಿಕ ರಸ್ತೆಗೆ ಅದು ಇಳಿಯಬಾರದು, ಅಷ್ಟೆ.

ಕಾರು ಕೊಳ್ಳುವ ಸದಸ್ಯರು ಮುಂಗಡ ಕೊಡುವ ಮುನ್ನ ಮೂರು ಕೆಲಸ ಮಾಡಲಿ. ಬಾನೆಟ್ ತೆರೆಯಿಸಿ ಎಂಜಿನ್ ಸಂಖ್ಯೆ ಮತ್ತು ಛಾಸಿ ಸಂಖ್ಯೆಗಳನ್ನು ಸ್ವತಃ ಕಣ್ಣಾರೆ ಓದಿ ಆರ್.ಸಿ.ಯೊಡನೆ ತಾಳೆ ನೋಡಲಿ. ಗೇರ್ ಆಯಿಲ್ ಅಳೆಯುವ ಕಡ್ಡಿಯಿದ್ದಲ್ಲಿ ಅದನ್ನು ಹೊರತೆಗೆದು ಎಣ್ಣೆಯ ಬಣ್ಣ, ವಾಸನೆ ನೋಡಲಿ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಆ ಗೇರ್‌ಬಾಕ್ಸ್ ದಣಿದಿದೆ ಎಂದರ್ಥ. ವಿಮಾ ಪತ್ರದಲ್ಲಿನ ಎಂಜಿನ್ ಸಂಖ್ಯೆಯೂ ಅದೇ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಲಿ. ಈ ಮೂರಕ್ಕೂ ಸೇರಿ ಅರ್ಧ ಗಂಟೆ ಸಾಲುತ್ತದೆ.

ಗಂಜಿನಲ್ಲಿ ತೊಗರಿಯ ಚೀಲ ಬಿಚ್ಚಿ, ಅಂಗೈಯಲ್ಲಿ ಕಾಳು ಹಿಡಿದು ನೋಡದೆ ಬೆಲೆ ಹೇಳುವ ವ್ಯಾಪಾರಿ ನಮ್ಮಲ್ಲಿ ಯಾರೂ ಇಲ್ಲ. ಕಾರಿನ ಬಾನೆಟ್ಟೂ ಒಂದು ಚೀಲವೇ. ಅದನ್ನು ಬಿಚ್ಚಿ, ಕಾಳನ್ನೂ ನೋಡಿ, ಚೀಟಿಯನ್ನೂ ನೋಡಿ ಬೆಲೆ ಕಟ್ಟುವುದು ವ್ಯಾಪಾರಿಗೆ ಶೋಭೆ.